ಮೂರೂವರೆ ಸಾವಿರದ ಕುಂಬಳಕಾಯಿ

ನಮ್ಮ ಕ್ರೈಸ್ತ ಸಭೆಯಲ್ಲಿ ಹೊಲ ಉಳುವವರು ಒಬ್ಬರೂ ಇಲ್ಲ. ರೈಲ್ವೆಯವರು, ನರ್ಸುಗಳು, ಮಾಸ್ತರರು, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ದುಡಿಯುವವರು, ನನ್ನಂತೆ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಆದರೂ ಪ್ರತಿ ಜನವರಿಯಲ್ಲಿ ಸುಗ್ಗಿ ಹಬ್ಬ ಮಾಡುತ್ತೇವೆ. ನಮ್ಮ ಅಜ್ಜಂದಿರು ಹಳ್ಳಿಯಲ್ಲಿದ್ದಾಗ ಹೊಸ ರಾಶಿಯ ಮೊದಲ ಜೋಳವನ್ನು ದೇವರ ಮುಂದೆ ತಂದು ಸುರಿಯುತ್ತಿದ್ದರಂತೆ. ನಾವು ಶನಿವಾರ ಸಂಜೆ ಜನತಾ ಬಜಾರಿಗೆ ಹೋಗಿ, ಚೌಕಾಸಿ ಮಾಡಿ, ಕುಂಬಳಕಾಯಿಯನ್ನೋ ಬಾಳೆಗೊನೆಯನ್ನೋ ತಂದಿಡುತ್ತೇವೆ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಸವಾಲು ಹಾಕಿ, ಕೂಗಿ ಕೂಗಿ ಬೆಲೆ ಏರಿಸಿ ಮಾರುತ್ತಾರೆ. ಬಂದ ಹಣ ದೇವಾಲಯ ಕಟ್ಟುವುದಕ್ಕೆ.

ಹನ್ನೆರಡು ವರ್ಷಗಳಿಂದ ಸವಾಲು ಕೂಗುವವರು ನಮ್ಮ ಮನೆಯವರು, ದೇವಮಿತ್ರ. ವಾರವಿಡೀ ಲೇಥ್ ಯಂತ್ರದ ಸದ್ದಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವ ಮನುಷ್ಯ ಆ ಒಂದು ದಿನ ಹಾಡುಗಾರನಾಗಿಬಿಡುತ್ತಾರೆ. "ಏನ್ರಿ ಕಾಕಾ, ಹೊಸಾ ಗಾಡಿ ತಗೊಂಡೀರಿ, ಬಾಳೆಗೊನಿಗೆ ಬರೇ ಇನ್ನೂರೇನು? ಪೆಟ್ರೋಲಿಗೇ ಎಲ್ಲಾ ಖರ್ಚಾತೇನು?" ಎಂದರೆ ಶೆಡ್ಡು ತುಂಬ ನಗು. ಕಾಕಾ ಕಿವಿ ಕೆಂಪು ಮಾಡಿಕೊಂಡು ಸಾವಿರ ಎನ್ನುತ್ತಾರೆ. ಯಾರ ಮಗನಿಗೆ ನೌಕರಿಯಾಯಿತು, ಯಾರ ಮನೆಗೆ ಟೈಲ್ಸ್ ಬಂತು, ಎಲ್ಲ ಇವರಿಗೆ ಗೊತ್ತು. ಜನರೂ ಖುಷಿಯಿಂದಲೇ ಕೊಡುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಕೇಶ್ವಾಪುರದ ಒಂದು ಓಣಿಯಲ್ಲಿ ಸಭೆ ಜಾಗ ತೆಗೆದುಕೊಂಡು ಒಂಬತ್ತು ವರ್ಷವಾಯಿತು. ಗೋಡೆಗಳು ಈಗಷ್ಟೇ ಚಾವಣಿಯ ಮಟ್ಟಕ್ಕೆ ಬಂದು ನಿಂತಿವೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಆರಾಧನೆ. ಏಪ್ರಿಲ್ ತಿಂಗಳಲ್ಲಿ ಬೋಧನೆ ಅರ್ಧಕ್ಕೆ ಬರುವಷ್ಟರಲ್ಲಿ ಕೂಸುಗಳು ಬೆವತು ಅಳಲು ಶುರುಮಾಡುತ್ತವೆ, ತಾಯಂದಿರು ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಪ್ರಾರ್ಥನೆ ಮುಗಿಸುತ್ತಾರೆ. ನನ್ನ ಎರಡನೆಯ ಕೂಸನ್ನೂ ನಾನು ಹಾಗೇ ಬೆಳೆಸಿದೆ. ಸ್ಲ್ಯಾಬ್ ಹಾಕಲು ನಾಲ್ಕು ಲಕ್ಷ ಬೇಕು, ಕೈಯಲ್ಲಿ ಎರಡೂವರೆ ಇದೆ. "ಉಳಿದದ್ದು ದೇವಮಿತ್ರನ ಬಾಯಾಗ ಐತಿ" ಎಂದು ಸಭೆಯ ಕಾರ್ಯದರ್ಶಿ ಅಮರೇಶ ಹೇಳುತ್ತಿದ್ದರು. ಅಮರೇಶರು ಬ್ಯಾಂಕಿನಿಂದ ನಿವೃತ್ತರಾದವರು, ದೇಶಪಾಂಡೆ ನಗರದಲ್ಲಿ ಸ್ವಂತ ಮನೆ. ಲೆಕ್ಕ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ.

ಈ ವರ್ಷದ ಹಬ್ಬಕ್ಕೆ ಎಂಟು ದಿನ ಇರುವಾಗ ನಮ್ಮ ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ನಮ್ಮವರ ಕೈಗೆ ಒಂದು ಚೀಟಿ ಕೊಟ್ಟರು. ಅವರು ಬಂದು ಇನ್ನೂ ಎಂಟೇ ತಿಂಗಳು. ಆರಾಧನೆಗೆ ಬರುವುದನ್ನು ಬಿಟ್ಟವರ ಹೆಸರುಗಳನ್ನು ಬರೆದಿದ್ದರು. "ಹಬ್ಬಕ್ಕ ಕರದು ಬರ್ರಿ, ನಿಮ್ಮ ಮಾತು ಯಾರೂ ತಗದ ಹಾಕಂಗಿಲ್ಲ" ಎಂದರು. ಮೊದಲ ಹೆಸರು ಬಾಳವ್ವ.

ಬಾಳವ್ವ ಅರವತ್ತು ದಾಟಿದ ಹೆಂಗಸು. ಮನೆಯಲ್ಲೇ ಶಾವಿಗೆ ಹೊಸೆದು, ಹಪ್ಪಳ ಮಾಡಿ, ಮನೆ ಮನೆಗೆ ಕೊಟ್ಟು ಬಂದು ಬದುಕುತ್ತಾರೆ. ಆರಾಧನೆಯಲ್ಲಿ ಯಾವಾಗಲೂ ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಕಳೆದ ಹಬ್ಬದಿಂದ ಬಂದಿರಲಿಲ್ಲ. ಮೊಣಕಾಲು ನೋವಿರಬೇಕು ಎಂದುಕೊಂಡಿದ್ದೆವು. ಅಂದರೆ, ಹಾಗೆಂದು ಹೇಳಿಕೊಂಡಿದ್ದೆವು.

ನಾನೂ ಜೊತೆಗೆ ಹೋದೆ. ಬಾಳವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಎದ್ದು ಸರಸರ ನಡೆದು ಹೋಗಿ ಚಾಪೆ ತಂದು ಹಾಸಿದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

"ಐತವಾರ ಸುಗ್ಗಿ ಹಬ್ಬ ಅಲ್ರಿ ಅವ್ವಾರ, ಕರ್ಯಾಕ ಬಂದ್ವಿ" ಎಂದರು ನಮ್ಮವರು. "ನಿಮ್ಮ ಶಾವಿಗಿ ಇಲ್ಲಂದ್ರ ಸವಾಲಿಗೆ ಕಳೆ ಇರಂಗಿಲ್ಲ."

"ನನಗ ಸವಾಲು ಬ್ಯಾಡಪಾ."

"ಯಾಕ್ರಿ?"

"ಹ್ವಾದ ವರ್ಷ ಒಂದು ಕುಂಬಳಕಾಯಿ ತಗೊಂಡೇನಲ್ಲ, ಇನ್ನೂ ಅರಗಿಲ್ಲ."

ನಮ್ಮವರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ನನಗೆ ಆ ದಿನ ಕಣ್ಣೆದುರಿಗೆ ಬಂತು. ಕಳೆದ ವರ್ಷ ಒಂದು ದೊಡ್ಡ ಕುಂಬಳಕಾಯಿಗೆ ಅಮರೇಶರು ಮೂರು ಸಾವಿರದ ಇನ್ನೂರು ಎಂದು ಕೂಗಿ ನಿಂತಿದ್ದರು. ನಮ್ಮವರು "ಮೂರೂವರಿ! ಮೂರೂವರಿ ಯಾರರ?" ಎಂದು ಸುತ್ತ ನೋಡುತ್ತಿದ್ದರು. ಆಗ ಬಾಳವ್ವನ ತಲೆಯ ಮೇಲಿನ ಸೆರಗು ಜಾರಿತು. ನಮ್ಮಲ್ಲಿ ಹೆಂಗಸರು ದೇವರ ಸನ್ನಿಧಿಯಲ್ಲಿ ತಲೆ ಮುಚ್ಚಿಕೊಂಡು ಕೂರುವುದು ರೂಢಿ. ಎಳೆದುಕೊಳ್ಳಲು ಕೈ ಎತ್ತಿದರು, ಅಷ್ಟೇ. "ನೋಡ್ರಿ ನಮ್ಮ ಬಾಳವ್ವ! ಬ್ಯಾಂಕಿನ ಸಾಹೇಬರನ್ನ ಸೋಲಿಸಿದ್ರು! ಒಂದ ಬಾರಿ, ಎರಡ ಬಾರಿ, ಮೂರ ಬಾರಿ!" ಚಪ್ಪಾಳೆಯೋ ಚಪ್ಪಾಳೆ. ಕುಂಬಳಕಾಯಿ ತಂದು ಮಡಿಲಲ್ಲಿ ಇಟ್ಟರು. ಬಾಳವ್ವ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಸುಮ್ಮನೆ ಕೂತರು. ನಾನು ಪಕ್ಕದಲ್ಲೇ ಇದ್ದೆ. ನಾನೂ ಚಪ್ಪಾಳೆ ಹೊಡೆದಿದ್ದೆ.

"ಅವತ್ತ ಹೇಳಬೇಕಿಲ್ಲೇನ್ರಿ, ನಾ ಕೈ ಎತ್ತಿಲ್ಲ ಅಂತ?" ಎಂದರು ನಮ್ಮವರು, ಮೆಲ್ಲಗೆ.

"ಅಷ್ಟ ಮಂದ್ಯಾಗ? ದೇವರ ಕೆಲಸಕ್ಕ ಒಲ್ಲೆ ಅನ್ಲೇನು? ನೀನ ಹೇಳು, ಹೆಂಗ ಅನ್ಲಿ?"

ಮರುದಿನವೇ ಹಣ ಕಟ್ಟಿ ರಸೀದಿ ತೆಗೆದುಕೊಂಡರಂತೆ. ಅದು ಗದಗಿನಲ್ಲಿದ್ದ ಮಗಳ ಬಾಣಂತನಕ್ಕೆ ಕೂಡಿಸಿದ್ದ ಹಣ. ಬಾಣಂತಿಗೆ ಕೊಡುವ ಅಂಟಿನುಂಡಿಗೆ ಬೇಕಾದ ಅಂಟು, ಉತ್ತತ್ತಿ, ಒಣಕೊಬ್ಬರಿ, ಬಾದಾಮಿ ತರುವುದಕ್ಕೆ ಎಂದು ಆರು ತಿಂಗಳ ಶಾವಿಗೆಯಿಂದ ಉಳಿಸಿದ್ದು. ಮಗಳ ಹೆರಿಗೆಗೆ ಬರಿಗೈಯಲ್ಲಿ ಹೋದರು. ಬೀಗರ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. "ಅಂದಿದ್ರ ಛಲೋ ಇತ್ತು" ಎಂದರು ಬಾಳವ್ವ. "ಬೀಗತಿ ತಾನ ಅಂಗಡಿಗೆ ಹೋಗಿ ಎಲ್ಲಾ ತಂದು ಉಂಡಿ ಕಟ್ಟಿದಳು. ನನ್ನ ಮುಂದ ಕಟ್ಟಿದಳು. ನಾ ಬೆಲ್ಲ ಕುಟ್ಟಿ ಕೊಟ್ಟೆ."

ನಮ್ಮವರು ಜೇಬಿಗೆ ಕೈ ಹಾಕಿದರು. ನನಗೆ ಗೊತ್ತಿತ್ತು, ಅದರಲ್ಲಿದ್ದದ್ದು ಮಗಳು ಸೌಮ್ಯಾಳ ಟ್ಯೂಷನ್ ಫೀ. "ಅವ್ವಾರ, ಆ ರೊಕ್ಕ ನಾ ಕೊಡ್ತೇನಿ."

"ನೀ ಯಾಕ ಕೊಡ್ತಿ? ನಿನಗೇನ ಕೊಟ್ಟೇನಿ ನಾ?" ಎಂದರು ಬಾಳವ್ವ. ದನಿ ಏರಿಸಲಿಲ್ಲ. "ರೊಕ್ಕದ ಮಾತಲ್ಲ ತಮ್ಮಾ. ನಾ ಹುಟ್ಟಿದಾಗಿಂದ ದೇವರಿಗೆ ಕೊಟಗೋತ ಬಂದಾಕಿ. ನಾಕಾಣೆ ಕೊಟ್ಟೇನಿ, ಹತ್ತ ರೂಪಾಯಿ ಕೊಟ್ಟೇನಿ, ಕೊಟ್ಟಾಗೆಲ್ಲಾ ಮನಸಿಗೆ ಹಗೂರ ಆಗತಿತ್ತು. ಅದೊಂದು ಮಾತ್ರ ನಾ ಕೊಟ್ಟದ್ದಲ್ಲ. ಅಲ್ಲಿ ಬಂದು ಕುಂತ್ರ ಅದ ನೆನಪಾಗತೈತಿ. ಅದಕ್ಕ ಮನ್ಯಾಗ ಕುಂತು ಪ್ರಾರ್ಥನಿ ಮಾಡ್ತೇನಿ. ಚಾ ಮಾಡ್ಲೇನು?"

ಚಹಾ ಕುಡಿದು ಹೊರಬಿದ್ದೆವು. ಓಣಿ ತಿರುಗಿದೆವು.

"ನನಗ ಗೊತ್ತಿತ್ತು, ರಜನಿ" ಎಂದರು ನಮ್ಮವರು.

"ಏನು?"

"ಸೆರಗು ಎಳಕೊಂಡಿದ್ದು ಅಂತ. ಕಂಡಿತ್ತು ನನಗ. ಬೆಲಿ ನಿಂತ ಬಿಟ್ಟಿತ್ತು. ಮಂದಿ ನಗಲಿ ಅಂತ... ಆಮ್ಯಾಲ ಯಾರರ ತಗೋತಾರ, ಅಮರೇಶರರ ಕೊಡ್ತಾರ ಅಂತ ಮಾಡಿದ್ದೆ. ಆಮ್ಯಾಲ ಮರತು ಬಿಟ್ಟೆ."

"ನನಗೂ ಕಂಡಿತ್ತು. ಮನಿಗೆ ಬಂದ ಮ್ಯಾಲ ಹೇಳಿದ್ದೆ ನಿಮ್ಗ. ನೀವು ನಕ್ಕಿರಿ."

"ನೀನೂ ನಕ್ಕಿದ್ದಿ."

ಅದೂ ನಿಜ. ಗಂಡನ ತಪ್ಪನ್ನು ಎತ್ತಿ ತೋರಿಸುವುದು ಸುಲಭ. ಹನ್ನೆರಡು ವರ್ಷ ನನ್ನ ಗಂಡ ಸಭೆಗೆ ಬೇಕಾದವರು ಎಂಬ ಹೆಮ್ಮೆಯನ್ನು ನಾನೂ ಉಂಡಿದ್ದೆ.

ಮರುದಿನ ಸಂಜೆ ನಮ್ಮವರು ಕೆಲಸ ಬಿಟ್ಟು ಬಂದು, ಕೈಕಾಲು ತೊಳೆದುಕೊಂಡು ನೇರ ದೇವಾಲಯ ಕಟ್ಟುವ ಜಾಗಕ್ಕೆ ಹೋದರು. ಅಯ್ಯನವರಿಗೆ ಕೊಡಬೇಕಾದ ರೊಟ್ಟಿ ಬುತ್ತಿ ಹಿಡಿದು ನಾನೂ ಹೋದೆ. ಅಯ್ಯನವರು ಪೈಪು ಹಿಡಿದು ಹೊಸ ಸಿಮೆಂಟಿಗೆ ನೀರು ಹೊಡೆಯುತ್ತಿದ್ದರು. ಅಮರೇಶರು ಮೇಸ್ತ್ರಿ ಮಕಬೂಲಸಾಬರ ಜೊತೆ ಸ್ಲ್ಯಾಬಿನ ಅಳತೆ ಮಾತಾಡುತ್ತಿದ್ದರು. ನಮ್ಮವರು ಎಲ್ಲರೆದುರಿಗೇ ಹೇಳಿಬಿಟ್ಟರು. ಕಂಡಿತ್ತು ಎನ್ನುವುದನ್ನೂ ಮುಚ್ಚಿಡಲಿಲ್ಲ.

ಅಮರೇಶರು ಕನ್ನಡಕ ತೆಗೆದರು. "ಆತು, ಆಗಿದ್ದು ಆಗಿ ಹೋತು. ನೀವೊಬ್ರ ಹೋಗಿ ಕೊಟ್ಟು ಬರ್ರಿ. ಇದನ್ನ ಮಂದಿ ಮುಂದ ಹೇಳಿದ್ರ ಈ ಸರ್ತಿ ಯಾರೂ ಬಾಯಿ ಬಿಡಂಗಿಲ್ಲ. ಸ್ಲ್ಯಾಬ್ ಹೋತು."

"ಕೊಡಾಕ ಹೋಗಿದ್ದೆ. ಆಕಿ ತಗೋಳಿಲ್ಲ. ನನಗ ಕೊಟ್ಟಿಲ್ಲ ಅಂತಾಳ."

"ಖರೇ ಐತಲ್ರಿ" ಎಂದರು ಅಯ್ಯನವರು, ಪೈಪನ್ನು ಬೇರೆ ಗೋಡೆಗೆ ತಿರುಗಿಸಿ. "ರೊಕ್ಕ ಸಭೆಯ ಪೆಟ್ಟಿಗ್ಯಾಗ ಬಂತು. ಸಭೆನ ಹೊಳ್ಳಿ ಕೊಡಬೇಕು."

"ದೇವರಿಗೆ ಬಂದದ್ದು ಹೊಳ್ಳಿ ಕೊಡೋ ಪದ್ಧತಿ ನಮ್ಮಲ್ಲಿಲ್ಲರಿ."

"ಆಕಿ ದೇವರಿಗೆ ಕೊಟ್ಟಿಲ್ಲ ಅಂತಾಳಲ್ರಿ, ಅಮರೇಶರ. ಬೈಬಲ್ಲಿನ್ಯಾಗ ಮೋಶೆಯ ಮಂದಿ ಅಡವಿಯಾಗ ದೇವದರ್ಶನದ ಗುಡಾರ ಕಟ್ಟಿದ್ದು ಓದೀರಲ್ಲ? ಯಾರ್ಯಾರ ಮನಸ್ಸು ಪ್ರೇರಿಸ್ತೋ ಅವರಷ್ಟ ತಂದ್ರು. ಬಂಗಾರ ಇದ್ದವ್ರು ಬಂಗಾರ, ಏನೂ ಇಲ್ಲದ ಹೆಣಮಕ್ಕಳು ನೂಲು ನೂತು ತಂದ್ರು. ಕಡೀಕ ಮೋಶೆ ಪಾಳೆಯದ ತುಂಬ ಏನ ಸಾರಿಸಿದ ಹೇಳ್ರಿ? ಸಾಕು, ಇನ್ನ ತರಬ್ಯಾಡ್ರಿ ಅಂತ." ಅಯ್ಯನವರು ಪೈಪು ಕೆಳಗಿಟ್ಟು ಹೇಳಿದರು, "ಪೌಲನೂ ಅಷ್ಟ ಬರದಾನ. ಒಬ್ಬೊಬ್ಬರೂ ತಮ್ಮ ಮನಸ್ಸಿನ್ಯಾಗ ಗೊತ್ತು ಮಾಡಿಕೊಂಡಷ್ಟು. ಬಲವಂತಕ್ಕಲ್ಲ, ಮುಖ ಸಣ್ಣದು ಮಾಡಿಕೊಂಡಲ್ಲ."

"ಅದನ್ನ ಬರದಾಂವ ಸಿಮೆಂಟಿನ ರೇಟು ನೋಡಿದ್ದಿಲ್ಲ ಬಿಡ್ರಿ" ಎಂದರು ಅಮರೇಶರು. "ಗೋಪುರ ಕಟ್ಟಾಂವ ಮೊದಲ ಕುಂತು ಖರ್ಚು ಲೆಕ್ಕ ಹಾಕಬೇಕು ಅಂತನೂ ಸತ್ಯವೇದದಾಗ ಐತಿ. ಅದನ್ಯಾಕ ಬಿಟ್ರಿ?"

"ಬಿಟ್ಟಿಲ್ಲ. ಬಾಳವ್ವನ ಖರ್ಚೂ ಅದರಾಗ ಹಿಡೀಬೇಕಲ್ರಿ?"

ಮಕಬೂಲಸಾಬರು ಅಳತೆ ಟೇಪನ್ನು ಸರಕ್ಕನೆ ಒಳಗೆ ಎಳೆದರು. "ನಮ್ಮ ಓಣಿ ಮಸೂತಿ ಮಿನಾರು ಹನ್ನೊಂದು ವರ್ಷ ಅರ್ಧಕ್ಕ ನಿಂತಿತ್ರಿ ಸಾಹೇಬ್ರ. ದೇವರಿಗೇನು ಅವಸರಿಲ್ಲ. ಅವಸರ ಎಲ್ಲಾ ಸೆಂಟ್ರಿಂಗ್ ಹಲಿಗಿಗೆ ಬಾಡಿಗಿ ಕೊಡಾಂವಂದು. ನೀವು ನೀವು ಮಾತಾಡಿ ಹೇಳ್ರಿ, ಹಲಿಗಿ ತರಸ್ಲೋ ಬ್ಯಾಡೋ."

ಮಾತು ಅಲ್ಲಿಗೇ ನಿಂತಿತು. ಮನೆಗೆ ಬರುವಾಗ ನಮ್ಮವರು ಒಂದೇ ಮಾತು ಕೇಳಿದರು. "ಸ್ಲ್ಯಾಬ್ ಬೀಳಲಿಲ್ಲಂದ್ರ ಎಲ್ಲಾರೂ ನನ್ನ ಹೆಸರ ಹೇಳ್ತಾರ. ಅಲ್ಲಾ?" ನಾನು ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವಷ್ಟು ಶಕ್ತಿ ಆ ಹೊತ್ತಿನಲ್ಲಿ ನನ್ನಲ್ಲಿ ಇರಲಿಲ್ಲ. ಇನ್ನೂ ನಾಲ್ಕು ಬ್ಲೌಸಿಗೆ ಹುಕ್ಕು ಹಚ್ಚುವುದಿತ್ತು.

ಹಬ್ಬದ ಭಾನುವಾರ ಶೆಡ್ಡು ತುಂಬಿತ್ತು. ಮುಂದಿನ ಮೇಜಿನ ಮೇಲೆ ಜೋಳದ ತೆನೆ, ಕಬ್ಬು, ಎರಡು ಕೋಳಿ, ಒಂದು ಕೇಕು, ಶೇಂಗಾ ಚೀಲ. ಆರಾಧನೆ ಮುಗಿದು ನಮ್ಮವರು ಎದ್ದು ನಿಂತಾಗ ಜನ ಆಗಲೇ ನಗಲು ತಯಾರಾಗಿದ್ದರು. ಮೊದಲ ಸಾಲಿನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಸವಾಲಿಗಿಂತ ಮೊದಲ ಒಂದು ಮಾತು ಐತಿ" ಎಂದರು. ದನಿ ಲೇಥಿನ ಮುಂದೆ ನಿಲ್ಲುವ ಮನುಷ್ಯನದು, ಸವಾಲಿನವರದ್ದಲ್ಲ. "ಹ್ವಾದ ವರ್ಷ ಬಾಳವ್ವಾರು ಸೆರಗು ಸರಿ ಮಾಡಿಕೊಳ್ಳಾಕ ಕೈ ಎತ್ತಿದ್ರು. ಅದು ನನಗ ಕಂಡಿತ್ತು. ಕಂಡೂ ಮೂರೂವರಿ ಸಾವಿರಕ್ಕ ಕುಂಬಳಕಾಯಿ ಅವರ ಹೆಸರಿಗೆ ಕೂಗಿದೆ. ಅವರು ಮಗಳ ಬಾಣಂತನಕ್ಕ ಇಟ್ಟಿದ್ದು ತಂದು ಕಟ್ಟಿದ್ರು. ನೀವೆಲ್ಲಾ ನಕ್ಕಿರಿ, ಯಾಕಂದ್ರ ನಾ ನಗಸಿದೆ. ಆ ರೊಕ್ಕ ಈ ಸಭೆ ಅವರಿಗೆ ಹೊಳ್ಳಿ ಕೊಡಬೇಕು ಅಂತ ಕೇಳಾಕತ್ತೇನಿ. ಮತ್ತ, ನಾ ಇನ್ನ ಸವಾಲು ಕೂಗಂಗಿಲ್ಲ."

ಒಂದು ಕೋಳಿ ಕೊಕ್ ಎಂದಿತು. ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. "ನಾ ಬಾಜೂಕ ಕುಂತಿದ್ದೆ. ನನಗೂ ಕಂಡಿತ್ತು" ಎಂದೆ, ಕೂತೆ. ಸೌಮ್ಯಾ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು. ಹದಿನೇಳು ವರ್ಷದ ಮಗಳಿಗೆ ಅಪ್ಪ ಅವ್ವ ಇಬ್ಬರೂ ಹೀಗೆ ನಿಂತರೆ ಏನನಿಸುತ್ತದೋ.

ಹಿಂದಿನ ಸಾಲಿನಿಂದ ಹೊಸ ಗಾಡಿಯ ಕಾಕಾ ಬಾಯಿಬಿಟ್ಟರು. "ಹಂಗಾರ ನಂದೂ ಒಂದು ಐತಿ. ನನಗ ಎರಡು ಸಾವಿರಕ್ಕ ಒಂದು ಹುಂಜ ಕಟ್ಟಿದ್ದಿ. ಅದು ಒಂದು ದಿನಾನೂ ಕೂಗಲಿಲ್ಲ."

"ಕೂಗೋ ಕೆಲಸಾ ದೇವಮಿತ್ರನ ಮಾಡಿದ್ನಲ್ಲ" ಎಂದರು ಯಾರೋ. ನಗು ಬಂತು. ಅದೇ ನಗು, ಆದರೆ ಈ ಸಲ ನಮ್ಮವರ ಮೇಲೆ. ಅವರೂ ಸ್ವಲ್ಪ ನಕ್ಕರು.

ಆಗ ಅಮರೇಶರು ಎದ್ದರು. ಬೈಯುತ್ತಾರೆ ಎಂದುಕೊಂಡೆ. "ಲೆಕ್ಕದ ಪ್ರಕಾರ ನೋಡಿದ್ರ," ಎಂದು ಗಂಟಲು ಸರಿಮಾಡಿಕೊಂಡರು, "ಬಾಳವ್ವನ ಕೂಗು ಖೋಟಾ ಆದ್ರ ಕುಂಬಳಕಾಯಿ ನನ್ನ ಕೂಗಿಗೆ ನಿಂತಂಗಾತು. ಮೂರು ಸಾವಿರದ ಇನ್ನೂರು. ಅದನ್ನ ನಾ ಇವತ್ತ ಕಟ್ಟತೇನಿ. ಕುಂಬಳಕಾಯಿ ಎಲ್ಲಿ ಅಂತ ನಾನೂ ಕೇಳಂಗಿಲ್ಲ."

"ನಿಮಗೂ ಬಲವಂತ ಇಲ್ರಿ" ಎಂದರು ಅಯ್ಯನವರು.

"ಬಲವಂತ ಅಲ್ರಿ, ಅಯ್ಯನವರ. ಕೂಗಿದ್ದು ನಾನ. ಅದು ಖರೇ ಕೂಗು."

ಈ ವರ್ಷ ಸವಾಲು ನಡೆಯಲಿಲ್ಲ. ತಂದಿಟ್ಟಿದ್ದನ್ನು ತೂಗಿ, ಬಜಾರದ ಬೆಲೆಗೆ ಬೇಕಾದವರು ಒಯ್ದರು. ಉಳಿದದ್ದನ್ನು ಕಷ್ಟದಲ್ಲಿದ್ದ ಎರಡು ಮೂರು ಮನೆಗಳಿಗೆ ಸದ್ದಿಲ್ಲದೆ ಕಳಿಸಿದೆವು. ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟು ಅಯ್ಯನವರು ಹೇಳಿದರು: ಮನೆಯಲ್ಲಿ ಕೂತು ಯೋಚಿಸಿ, ಇಂದೇ ಎಂದೇನಿಲ್ಲ, ಎಷ್ಟು ಎಂದು ಯಾರಿಗೂ ಹೇಳಬೇಡಿ, ಯಾರನ್ನೂ ಕೇಳಬೇಡಿ. ಒಂದು ವಾರ ಪೆಟ್ಟಿಗೆ ಅಲ್ಲೇ ಇತ್ತು.

ಆ ವಾರ ಮುಗಿಯುವ ಮೊದಲೇ ಸಭೆಯ ಮಂಡಳಿಯವರು ಬಾಳವ್ವನ ಹಣ ಹಿಂದಿರುಗಿಸಲು ಕೂತಾಗ ಅಮರೇಶರು ಲೆಕ್ಕದ ಪುಸ್ತಕ ತೆರೆದು ಪೆನ್ನು ಹಿಡಿದು ಕೇಳಿದರು, "ಯಾವ ಬಾಬತ್ತು ಅಂತ ಬರೀಲ್ರಿ?"

"ತಪ್ಪಿಂದ ಬಂದದ್ದು ಅಂತ ಬರೀರಿ" ಎಂದರು ಅಯ್ಯನವರು. ಅಮರೇಶರು ಹಾಗೇ ಬರೆದರು, ಅಂದವಾದ ಅಕ್ಷರದಲ್ಲಿ.

ಮಂಗಳವಾರ ಸಂಜೆ ಅಯ್ಯನವರು, ನಮ್ಮವರು, ನಾನು ಹೋದೆವು. ಬಾಳವ್ವ ಲಕೋಟೆ ತೆಗೆದುಕೊಂಡು ನೋಟುಗಳನ್ನು ಎಣಿಸಿದರು, ನಿಧಾನವಾಗಿ, ಎರಡು ಸಲ. ಶೆಡ್ಡಿನಲ್ಲಿ ನಡೆದದ್ದು ಅವರಿಗೆ ಆಗಲೇ ತಿಳಿದಿತ್ತು.

"ಇದನ್ನ ಈಗ ನಾ ಹೊಳ್ಳಿ ಪೆಟ್ಟಿಗ್ಯಾಗ ಹಾಕ್ತೇನಿ ಅಂತ ಬಂದೀರೇನು?" ಎಂದರು.

"ಇಲ್ರಿ ಅವ್ವಾರ" ಎಂದರು ನಮ್ಮವರು.

"ಹಾಕಂಗಿಲ್ಲ ನೋಡು. ಮೊಮ್ಮಗಳಿಗೆ ಮುಂದಿನ ತಿಂಗಳು ವರ್ಷ ತುಂಬತೈತಿ. ಬೆಳ್ಳಿ ಕಡಗ ತಗೊಂಡ ಹೋಗ್ತೇನಿ. ಬೀಗತಿ ಮುಂದ ಕೂಸಿನ ಕೈಗೆ ನಾನ ಹಾಕ್ತೇನಿ."

"ಹಾಕ್ರಿ" ಎಂದರು ಅಯ್ಯನವರು. ಅವರ ಮುಖದಲ್ಲಿ ಬೇರೇನನ್ನೋ ಕಾಯುತ್ತಿದ್ದ ಗುರುತು ಇರಲಿಲ್ಲ. ನನ್ನ ಮುಖದಲ್ಲಿ ಇದ್ದಿರಬೇಕು. ನಾಲ್ಕು ಲಕ್ಷದ ಲೆಕ್ಕ ತಲೆಯಿಂದ ಹೋಗುವುದಿಲ್ಲ. ಬರುವ ಭಾನುವಾರ ಬರುತ್ತೀರಾ ಎಂದು ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಬಾಗಿಲವರೆಗೆ ಬಂದು ಕಳಿಸಿದರು, ಅಷ್ಟೇ.

ಭಾನುವಾರ ಆರಾಧನೆಯಾದ ಮೇಲೆ ಪೆಟ್ಟಿಗೆ ತೆಗೆದರು. ಅರವತ್ತೆಂಟು ಸಾವಿರ. ಕಳೆದ ವರ್ಷ ಸವಾಲಿನಿಂದ ಬಂದದ್ದಕ್ಕಿಂತ ಕಡಿಮೆಯೇ. ಅಮರೇಶರು "ನಾ ಹೇಳಿದ್ದೆ" ಎನ್ನಲಿಲ್ಲ, ಎನ್ನದೆ ಇರಲು ಬಹಳ ಕಷ್ಟಪಟ್ಟದ್ದು ಕಾಣುತ್ತಿತ್ತು. ಸ್ಲ್ಯಾಬ್ ಆಗುವುದಿಲ್ಲ. ಎಲ್ಲರೂ ಪಕ್ಕದ ಕಟ್ಟಡಕ್ಕೆ ಹೋಗಿ ಬರಿ ಗೋಡೆಗಳ ನಡುವೆ ನಿಂತೆವು. ನಮ್ಮವರು ಒಂದು ಮೂಲೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಯಾರೂ ಅವರ ಹೆಸರು ಹೇಳಲಿಲ್ಲ, ಆದರೆ ಯಾರೂ ಅವರ ಹತ್ತಿರವೂ ನಿಲ್ಲಲಿಲ್ಲ.

ಎಷ್ಟು ಕೂಡಿತೆಂದು ತಿಳಿಯಲು ಬಂದಿದ್ದ ಮಕಬೂಲಸಾಬರು ಮೇಲೆ ಆಕಾಶ ನೋಡಿ ಹೇಳಿದರು, "ಇಷ್ಟರಾಗ ಕಬ್ಬಣದ ತೊಲಿ ಕೂಡಿಸಿ ಮ್ಯಾಲ ಪತ್ರಾಸ್ ತಗಡು ಹೊದಿಸಬಹುದ್ರಿ. ಎತ್ತರ ಕೊಟ್ರ ಗಾಳಿ ಆಡತೈತಿ. ಸ್ಲ್ಯಾಬ್ ಮುಂದ ಮೊಮ್ಮಕ್ಕಳು ಹಾಕಲಿ. ಮಳಿಗಾಲಕ್ಕ ಒಳಗ ಕುಂದ್ರತೀರಿ."

ಒಂಬತ್ತು ವರ್ಷ ಸ್ಲ್ಯಾಬಿನ ಕನಸು ಕಂಡವರಿಗೆ ಮತ್ತೆ ತಗಡು. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಮ್ಯಾಲ ಏನರ ಹಾಕ್ರಿ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ಈ ಕಿಡಕಿ ಯಾರು ಹೇಳಿ ಇಡಿಸಿದ್ದು?"

ಬಾಳವ್ವ. ಶಾವಿಗೆಯ ಚೀಲ ಕಂಕುಳಲ್ಲಿತ್ತು, ಎಲ್ಲಿಂದಲೋ ಕೊಟ್ಟು ಬಂದಂತಿತ್ತು. ಆರಾಧನೆಗೆ ಬಂದಿರಲಿಲ್ಲ. ನೇರವಾಗಿ ಹೆಂಗಸರು ಕೂರುವ ಬದಿಯ ಗೋಡೆಯ ಹತ್ತಿರ ಹೋಗಿ ಕಿಟಕಿಯ ಕಂಡಿಯಲ್ಲಿ ಕೈ ಚಾಚಿ ಅಳೆದರು.

"ನಕಾಶೆಯಾಗ ಹಂಗ ಐತಿ ಬಾಳವ್ವ" ಎಂದರು ಅಮರೇಶರು.

"ನಕಾಶೆ ಬರದಾಂವ ಕೂಸು ಎತ್ತಿಕೊಂಡು ಎರಡು ತಾಸು ಕುಂತಿದ್ನೇನು? ಗಂಡಸರ ಕಡೆ ಮೂರು ಕಿಡಕಿ, ಇಲ್ಲಿ ಒಂದ. ಅದೂ ಗುಬ್ಬಿ ಗೂಡಿನಷ್ಟು. ಪತ್ರಾಸ್ ಹಾಕಿದ್ರ ಇಲ್ಲಿ ಕುಂತ ಹೆಣಮಕ್ಕಳು ಬೇಯತಾರ."

"ಗ್ವಾಡಿ ಒಡೀಬೇಕಾಗತೈತಿ. ಖರ್ಚು ಯಾರ ಕೊಡ್ತಾರ?"

"ಅದು ನನಗ ಗೊತ್ತಿಲ್ಲ. ನಾ ಇಲ್ಲಿ ಕುಂದ್ರಾಕಿ, ನನಗ ಗಾಳಿ ಬೇಕು."

ಮಕಬೂಲಸಾಬರು ಟೇಪು ಬಿಚ್ಚಿಕೊಂಡು ಬಂದರು. "ಅವ್ವಾರ ಹೇಳೋದು ಬರೋಬ್ಬರಿ ಐತಿ. ಎಷ್ಟ ಅಗಲ ಬೇಕ್ರಿ, ತೋರಸ್ರಿ."

ಬಾಳವ್ವ ಚೀಲವನ್ನು ನನ್ನ ಕೈಗೆ ಕೊಟ್ಟು ತೋಳು ಅಗಲಿಸಿ ನಿಂತರು. ಸಾಲದು ಎನಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಟೇಪಿನ ಆ ತುದಿ ಹಿಡಿಯಲು ಯಾರೂ ಇರಲಿಲ್ಲ. "ದೇವಮಿತ್ರಾ, ಅಲ್ಲಿ ಗೂಟ ನಿಂತಂಗ ಯಾಕ ನಿಂತಿ? ಬಂದು ಇದನ್ನ ಹಿಡಿ" ಎಂದರು.

ನಮ್ಮವರು ಮೂಲೆಯಿಂದ ಬಂದು ಹಿಡಿದರು. ಮೇಸ್ತ್ರಿ ಅಳತೆಯನ್ನು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದರು. ಐದು ಫೂಟು, ಅಮರೇಶರು ಬೇಡವೆನ್ನುತ್ತಿರುವಾಗಲೇ.